ಗುಳ್ಳೆಯಾಗದೆ ಉಳಿದ ಹೈಡ್ರೋಜನ್: ಉಕ್ಕಿನ ಮೇಲಿನ ಸತುಲೇಪನ ತೆಗೆಯುವುದನ್ನು ಪಾಠವಾಗಿಸುವ ಬಗೆ

ಹತ್ತನೆಯ ತರಗತಿಯ ವಿಜ್ಞಾನ ಪಠ್ಯದಲ್ಲಿ ಸತು ಮೂರು ಸಂದರ್ಭಗಳಲ್ಲಿ ಬರುತ್ತದೆ. ಆಮ್ಲಗಳ ಅಧ್ಯಾಯದಲ್ಲಿ ಸತುವಿನ ಚೂರುಗಳ ಮೇಲೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಹಾಕಿ, ಬರುವ ಅನಿಲವನ್ನು ಸೋಪಿನ ದ್ರಾವಣದಲ್ಲಿ ಹಾಯಿಸಿ, ಉರಿಯುವ ಮೇಣದ ಬತ್ತಿ ಹಿಡಿದು ‘ಪಾಪ್’ ಎಂಬ ಸದ್ದು ಕೇಳಿಸುತ್ತೇವೆ. ಮರುದಿನ ಅದೇ ಸತುವನ್ನು ಸೋಡಿಯಂ ಹೈಡ್ರಾಕ್ಸೈಡಿನೊಂದಿಗೆ ಬಿಸಿ ಮಾಡಿ ಅಲ್ಲಿಯೂ ಹೈಡ್ರೋಜನ್ ಬರುವುದನ್ನು ತೋರಿಸುತ್ತೇವೆ. ಎಷ್ಟೋ ವಾರಗಳ ನಂತರ ಲೋಹಗಳ ಅಧ್ಯಾಯದ ಕೊನೆಯಲ್ಲಿ ಗ್ಯಾಲ್ವನೀಕರಣ ಬರುತ್ತದೆ: ಕಬ್ಬಿಣದ ಮೇಲೆ ಸತುವಿನ ತೆಳು ಪದರ, ಪದರಕ್ಕೆ ಗೀರು ಬಿದ್ದರೂ ಕಬ್ಬಿಣಕ್ಕೆ ರಕ್ಷಣೆ. ಮೂರೂ ಮೂರು ಬೇರೆ ದಿನಗಳ ಪಾಠ, ಮೂರು ಬೇರೆ ಪಾಠಯೋಜನೆ. ಸಿರುಗುಪ್ಪದ ಭತ್ತ ಕಟಾವು ಯಂತ್ರ ರಿಪೇರಿ ಮಾಡುವ ಅಂಗಡಿಯಲ್ಲಾದರೋ ಈ ಮೂರೂ ಒಂದೇ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ಒಂದೇ ಮಧ್ಯಾಹ್ನ ನಡೆಯುತ್ತವೆ. ಹಳೆಯ ಬೋಲ್ಟುಗಳನ್ನು ಆಸಿಡ್ಡಿನಲ್ಲಿ ಮುಳುಗಿಸುತ್ತಾರೆ. ಸತುವಿನ ಲೇಪನವೂ ತುಕ್ಕೂ ಬಿಟ್ಟು ಬೋಲ್ಟು ಬೂದುಬಣ್ಣಕ್ಕೆ ತಿರುಗುತ್ತದೆ. ನೀರಲ್ಲಿ ತೊಳೆದು, ಎಣ್ಣೆ ಸವರಿ, ಮತ್ತೆ ಯಂತ್ರಕ್ಕೇ ಬಿಗಿಯುತ್ತಾರೆ.

ಭೌತವಿಜ್ಞಾನ ಬೋಧನಾ ಪದ್ಧತಿಯ ಅಧ್ಯಾಪಕನಾಗಿ ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಮೂರೂ ಕಡೆಯ ಶಾಲೆಗಳಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳ ಬೋಧನಾಭ್ಯಾಸದ ಪಾಠಗಳನ್ನು ವೀಕ್ಷಿಸುವುದು ನನ್ನ ಕೆಲಸ. ಗ್ಯಾಲ್ವನೀಕರಣದ ಪಾಠದಲ್ಲಿ ‘ನಿಮ್ಮ ಮನೆಯಲ್ಲಿ ಸತು ಲೇಪಿಸಿದ ವಸ್ತು ಯಾವುದಿದೆ?’ ಎಂದು ಕೇಳಿದರೆ ಬಕೆಟ್, ಜಿಐ ತಂತಿ, ಶೀಟು ಎಂಬ ಉತ್ತರ ಎಲ್ಲೆಡೆ ಬರುತ್ತದೆ. ಸಿರುಗುಪ್ಪದ ಒಂದು ಶಾಲೆಯಲ್ಲಿ ಒಬ್ಬ ಹುಡುಗ ಇನ್ನೊಂದು ಮಾತು ಸೇರಿಸಿದ: ‘ಸಾರ್, ನಮ್ಮಪ್ಪ ಬೋಲ್ಟ್ ಆಸಿಡ್ಡಾಗ ಹಾಕ್ತಾನೆ, ಜಿಂಕೂ ಹೋಗ್ತದೆ ತುಪ್ಪೂ ಹೋಗ್ತದೆ, ಹೊಸದರಂಗೆ ಆಗ್ತದೆ.’ ತರಗತಿ ನಕ್ಕಿತು. ಆ ಭಾಗದ ಮನೆಗಳಲ್ಲಿ ತೆಲುಗಿನ ಬಳಕೆ ಇರುವುದರಿಂದ ತುಕ್ಕಿಗೆ ‘ತುಪ್ಪು’ ಎನ್ನುವುದುಂಟು, ನಗು ತುಪ್ಪದ ಕಾರಣಕ್ಕೆ. ಪಾಠ ಮಾಡುತ್ತಿದ್ದ ಪ್ರಶಿಕ್ಷಣಾರ್ಥಿ ‘ಗುಡ್, ಕೂತ್ಕೋ’ ಎಂದು ಮುಂದೆ ಸಾಗಿದರು. ಅವರನ್ನು ದೂರಲಾರೆ. ಬಿ.ಇಡಿ. ಪಠ್ಯದಲ್ಲಾಗಲಿ ಶಾಲಾ ಪಠ್ಯದಲ್ಲಾಗಲಿ ಆ ಮಾತಿಗೆ ಮುಂದಿನ ಪ್ರಶ್ನೆ ಹಾಕಲು ಬೇಕಾದ ಸಾಮಗ್ರಿ ಇಲ್ಲ. ಆದರೆ ಆ ಬೋಲ್ಟ್ ನಿಜಕ್ಕೂ ‘ಹೊಸದರಂಗೆ’ ಆಗಿದೆಯೇ ಎಂಬುದು ಆ ಹುಡುಗನ ತಂದೆಯ ಕೈ, ಕಣ್ಣು, ಕೆಲವೊಮ್ಮೆ ಜೀವದ ಪ್ರಶ್ನೆ. ಆ ಸಾಮಗ್ರಿಯನ್ನು ಒಂದು ಪಾಠಕ್ಕಾಗುವಷ್ಟು ಇಲ್ಲಿ ಒದಗಿಸುತ್ತಿದ್ದೇನೆ.

ಪಾಠಕ್ಕೆ ಮೊದಲು ಶಿಕ್ಷಕರಿಗೆ ತಿಳಿದಿರಬೇಕಾದದ್ದು

ಗಟ್ಟಿ ಉಕ್ಕಿನ ಬಿಡಿಭಾಗವನ್ನು ಆಮ್ಲದಲ್ಲಿಟ್ಟು ತೆಗೆದರೆ ಅದು ಪೆಡಸಾಗಬಹುದು. ನೋಡಲು ಮೊದಲಿನಂತೆಯೇ ಇರುತ್ತದೆ, ಅಳತೆಯಲ್ಲಿ ವ್ಯತ್ಯಾಸ ಕಾಣದು, ಬಿಗಿಯುವಾಗಲೂ ಸರಿಯಾಗಿಯೇ ಬಿಗಿಯುತ್ತದೆ. ಕೆಲವು ಗಂಟೆ ಅಥವಾ ಕೆಲವು ದಿನ ಕಳೆದ ಮೇಲೆ, ಯಾರೂ ಮುಟ್ಟದೆ ಇದ್ದಾಗಲೇ, ತಲೆಯ ಬುಡದಲ್ಲೋ ಮೊದಲ ಮರೆಯ ಹತ್ತಿರವೋ ಟಪ್ಪೆಂದು ಮುರಿಯುತ್ತದೆ. ಚಪಾತಿಯಂತೆ ಬಾಗಬೇಕಾದದ್ದು ಹಪ್ಪಳದಂತೆ ಒಡೆಯುತ್ತದೆ. ಕಾರಣ ಆಮ್ಲವಲ್ಲ, ಆಮ್ಲದಿಂದ ಹುಟ್ಟಿದ ಹೈಡ್ರೋಜನ್. ಇದಕ್ಕೆ ಹೈಡ್ರೋಜನ್ ಪೆಡಸುತನ ಎನ್ನೋಣ.

ಇದು ಹೊಸ ವಿಷಯವೇನಲ್ಲ. 1875ರಲ್ಲಿ ಡಬ್ಲ್ಯು. ಎಚ್. ಜಾನ್ಸನ್ ಎಂಬವರು ಲಂಡನ್ನಿನ ರಾಯಲ್ ಸೊಸೈಟಿಯ ನಡವಳಿಯಲ್ಲಿ ಇದನ್ನು ವರದಿ ಮಾಡಿದರು. ಆಮ್ಲದಲ್ಲಿ ಅದ್ದಿ ತೆಗೆದ ಕಬ್ಬಿಣ ಮತ್ತು ಉಕ್ಕಿನ ತಂತಿ ಬಾಗಿಸಿದರೆ ಮುರಿಯುತ್ತದೆ, ಮುರಿದ ತುದಿಯನ್ನು ಒದ್ದೆ ಮಾಡಿದರೆ ಅಲ್ಲಿಂದ ಸಣ್ಣ ಗುಳ್ಳೆಗಳೇಳುತ್ತವೆ, ತಂತಿಯನ್ನು ಹಾಗೇ ಬಿಟ್ಟರೆ ಅಥವಾ ಬಿಸಿ ಮಾಡಿದರೆ ಮತ್ತೆ ಮೊದಲಿನ ಗುಣಕ್ಕೆ ಬರುತ್ತದೆ ಎಂಬ ಮೂರನ್ನೂ ಅವರು ಗಮನಿಸಿದ್ದರು. ಹತ್ತನೆಯ ತರಗತಿಯ ಮಕ್ಕಳಿಗೆ ಈ ಮೂರು ಗಮನಿಕೆಗಳನ್ನಷ್ಟೇ ಕೊಟ್ಟು ‘ತಂತಿಯೊಳಗೆ ಏನು ಹೊಕ್ಕಿರಬಹುದು?’ ಎಂದು ಕೇಳಿದರೆ ಸಾಕು, ಅರ್ಧ ಪಾಠ ಅವರೇ ಮಾಡಿಬಿಡುತ್ತಾರೆ.

ಒಳಹೋಗುವ ಬಗೆ ಹೀಗೆ. ಆಮ್ಲದಲ್ಲಿರುವ ಹೈಡ್ರೋಜನ್ ಅಯಾನು ಲೋಹದ ಮೇಲ್ಮೈಯಲ್ಲಿ ಇಲೆಕ್ಟ್ರಾನ್ ಪಡೆದು ಮೊದಲು ಒಂಟಿ ಪರಮಾಣುವಾಗುತ್ತದೆ. ಅಂಥ ಎರಡು ಪರಮಾಣುಗಳು ಕೂಡಿದಾಗ ಅಣುವಾಗಿ, ಅಣುಗಳು ಗುಂಪಾಗಿ ಗುಳ್ಳೆಯಾಗುತ್ತವೆ. ನಾವು ಕಪ್ಪುಹಲಗೆಯ ಮೇಲೆ ಬರೆಯುವ ಸಮೀಕರಣ ನೇರವಾಗಿ ಅನಿಲಕ್ಕೇ ಜಿಗಿಯುತ್ತದೆ, ನಡುವಿನ ಒಂಟಿ ಪರಮಾಣುವಿನ ಹಂತ ಅಲ್ಲಿ ಕಾಣುವುದಿಲ್ಲ. ಹೈಡ್ರೋಜನ್ ಪರಮಾಣು ತೀರಾ ಚಿಕ್ಕದು. ಜೊತೆ ಸಿಗುವ ಮೊದಲೇ ಕೆಲವು ಪರಮಾಣುಗಳು ಕಬ್ಬಿಣದ ಪರಮಾಣುಗಳ ಸಂದಿಯಲ್ಲಿ ಒಳನುಸುಳುತ್ತವೆ. ಒಳಗೆ ಅಲೆಯುತ್ತಾ, ಎಳೆತ ಎಲ್ಲಿ ಹೆಚ್ಚಿದೆಯೋ ಅಲ್ಲಿ, ಅಂದರೆ ಬಿಗಿದ ಬೋಲ್ಟಿನ ಮರೆಯ ತಳದಲ್ಲಿ, ತಲೆಯ ಬುಡದ ತಿರುವಿನಲ್ಲಿ, ಸೇರಿಕೊಳ್ಳುತ್ತವೆ. ಅಲ್ಲಿ ಉಕ್ಕು ದುರ್ಬಲವಾಗಿ ಸಣ್ಣ ಬಿರುಕು ಮೂಡುತ್ತದೆ, ಬಿರುಕಿನ ತುದಿಗೆ ಮತ್ತಷ್ಟು ಹೈಡ್ರೋಜನ್ ಬಂದು ಸೇರುತ್ತದೆ. ಮುರಿತ ತಡವಾಗಿ ಬರುವುದು ಈ ಅಲೆದಾಟಕ್ಕೆ ಸಮಯ ಹಿಡಿಯುವುದರಿಂದ. ಅಲ್ಲಿ ಸೇರಿದ ಹೈಡ್ರೋಜನ್ ಲೋಹವನ್ನು ಹೇಗೆ ದುರ್ಬಲಗೊಳಿಸುತ್ತದೆ ಎಂಬುದಕ್ಕೆ ವಿಜ್ಞಾನಿಗಳಲ್ಲಿ ಒಂದಕ್ಕಿಂತ ಹೆಚ್ಚು ವಿವರಣೆಗಳಿವೆ. ಶಾಲೆಯಲ್ಲಿ ಅಷ್ಟು ಆಳಕ್ಕೆ ಇಳಿಯಬೇಕಿಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆ ಮತ್ತೆ ಮತ್ತೆ ಬರುತ್ತದೆ, ಮಕ್ಕಳಲ್ಲೂ ನಮ್ಮ ಪ್ರಶಿಕ್ಷಣಾರ್ಥಿಗಳಲ್ಲೂ: ‘ಆಸಿಡ್ ಉಕ್ಕನ್ನು ತಿಂದು ತೆಳ್ಳಗೆ ಮಾಡಿತು, ಅದಕ್ಕೇ ಮುರಿಯಿತು.’ ಅದ್ದುವ ಮೊದಲು ಮತ್ತು ಅದ್ದಿದ ಮೇಲೆ ಬೋಲ್ಟಿನ ವ್ಯಾಸವನ್ನು ವರ್ನಿಯರ್ ಕ್ಯಾಲಿಪರ್ಸಿನಲ್ಲಿ ಅಳೆಸಿ. ಅರ್ಧ ಗಂಟೆ ಅದ್ದಿದ ಬೋಲ್ಟಿನಲ್ಲಿ ವ್ಯತ್ಯಾಸ ಹೆಚ್ಚೆಂದರೆ ಸತುವಿನ ಪದರದ ದಪ್ಪದಷ್ಟು, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಶಾಲೆಯ ವರ್ನಿಯರಿಗೆ ಅದು ಸಿಗುವುದೇ ಕಷ್ಟ. ಸಿಗದಿರುವುದೇ ಇಲ್ಲಿ ನಮಗೆ ಬೇಕಾದ ಸಾಕ್ಷಿ.

ತಾಮ್ರದ ತಂತಿಯ ಮೇಲೆ ಗುಳ್ಳೆ

ಈ ಪಾಠದ ತಿರುಳು ಎಂದು ನಾನು ತಿಳಿಯುವ ಚಟುವಟಿಕೆ ಇದು. ಇದಕ್ಕೆ ಬೇಕಾದದ್ದು ಗಾಜಿನ ಲೋಟ, ಸಾರರಿಕ್ತ ಆಮ್ಲ, ಒಂದು ಸತುವಿನ ಚೂರು, ಚೆನ್ನಾಗಿ ಉಜ್ಜಿದ ಒಂದು ತಾಮ್ರದ ತಂತಿ.

ಮೊದಲು ತಾಮ್ರದ ತಂತಿಯೊಂದನ್ನೇ ಆಮ್ಲದಲ್ಲಿಡಿ. ಏನೂ ಆಗುವುದಿಲ್ಲ. ಕ್ರಿಯಾಶೀಲತಾ ಸರಣಿಯಲ್ಲಿ ತಾಮ್ರ ಹೈಡ್ರೋಜನ್ನಿಗಿಂತ ಕೆಳಗಿದೆ ಎಂದು ಮಕ್ಕಳು ತಾವಾಗಿಯೇ ಹೇಳುತ್ತಾರೆ. ನಂತರ ಸತುವಿನ ಚೂರು ಹಾಕಿ, ಅದರ ಮೇಲೆ ಗುಳ್ಳೆ. ಇದೂ ಗೊತ್ತಿದ್ದದ್ದೇ. ಈಗ ತಾಮ್ರದ ತಂತಿಯನ್ನು ಆಮ್ಲದೊಳಗೇ ಸತುವಿಗೆ ತಾಗಿಸಿ. ತಂತಿಯ ಮೇಲೆ ಗುಳ್ಳೆಗಳು ಸಾಲಾಗಿ ಏಳುತ್ತವೆ. ತೆಗೆದರೆ ನಿಲ್ಲುತ್ತವೆ, ತಾಗಿಸಿದರೆ ಮತ್ತೆ ಬರುತ್ತವೆ. ಕುರುಗೋಡಿನಲ್ಲಿ ಇದನ್ನು ಮಾಡಿಸಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು ‘ಮೇಡಂ, ತಾಮ್ರ ರಿಯಾಕ್ಟ್ ಆಗಲ್ಲ ಅಂದ್ರಲ್ಲ?’ ಎಂದು ಕೇಳಿದಳು. ಪ್ರಶಿಕ್ಷಣಾರ್ಥಿ ಉತ್ತರ ಹೇಳದೆ ‘ಹಾಗಾದರೆ ಕರಗುತ್ತಿರುವುದು ಯಾವುದು, ಗುಳ್ಳೆ ಬರುತ್ತಿರುವುದು ಯಾವುದರ ಮೇಲೆ? ಎರಡನ್ನೂ ಬೇರೆ ಬೇರೆ ಬರೆಯಿರಿ’ ಎಂದರು. ಬೋಧನಾಭ್ಯಾಸದಲ್ಲಿ ನಾನು ಕಂಡ ಒಳ್ಳೆಯ ಮರುಪ್ರಶ್ನೆಗಳಲ್ಲಿ ಅದೊಂದು.

ಕರಗುವುದು ಸತು. ಅದು ಬಿಟ್ಟುಕೊಟ್ಟ ಇಲೆಕ್ಟ್ರಾನುಗಳು ತಾಮ್ರಕ್ಕೆ ಹರಿದು, ತಾಮ್ರದ ಮೇಲ್ಮೈಯಲ್ಲಿ ಹೈಡ್ರೋಜನ್ ಹುಟ್ಟುತ್ತದೆ. ಈಗ ತಾಮ್ರದ ಜಾಗದಲ್ಲಿ ಉಕ್ಕನ್ನು ಇಟ್ಟು ಯೋಚಿಸಲು ಹೇಳಿ. ಸತು ಲೇಪಿಸಿದ ಬೋಲ್ಟನ್ನು ಆಮ್ಲದಲ್ಲಿ ಹಾಕಿದಾಗ ಲೇಪನ ಒಂದು ಕಡೆ ಹರಿದು ಉಕ್ಕು ಇಣುಕಿದ ತಕ್ಷಣ ಇದೇ ಜೋಡಿ ಏರ್ಪಡುತ್ತದೆ. ಸತು ತಾನು ಕರಗುತ್ತಾ ಉಕ್ಕನ್ನು ಕರಗದಂತೆ ಕಾಯುತ್ತದೆ. ಆದರೆ ಹಾಗೆ ಕಾಯುವಾಗಲೇ ಹೈಡ್ರೋಜನ್ ಉಕ್ಕಿನ ಮೇಲೆಯೇ ಹುಟ್ಟುತ್ತದೆ, ಗುಳ್ಳೆಯಾಗುವ ಮೊದಲು ಒಂಟಿ ಪರಮಾಣುವಾಗಿ. ಪಠ್ಯ ಹೊಗಳುವ ‘ಗೀರು ಬಿದ್ದರೂ ರಕ್ಷಣೆ’ ಎಂಬ ಗುಣವೇ ಆಮ್ಲದ ಬಕೆಟ್ಟಿನಲ್ಲಿ ಉಕ್ಕಿಗೆ ಹೈಡ್ರೋಜನ್ ಉಣಿಸುತ್ತದೆ. ಸತು ಪೂರ್ತಿ ಹೋದ ಮೇಲೂ ಅಪಾಯ ನಿಲ್ಲುವುದಿಲ್ಲ, ಆಗ ಕಬ್ಬಿಣವೇ ಆಮ್ಲದೊಂದಿಗೆ ವರ್ತಿಸಿ ಹೈಡ್ರೋಜನ್ ಬಿಡಲು ತೊಡಗುತ್ತದೆ. ‘ಇರಲಿ, ಚೆನ್ನಾಗಿ ಕ್ಲೀನ್ ಆಗಲಿ’ ಎಂದು ರಾತ್ರಿಯಿಡೀ ಬಿಟ್ಟ ಬೋಲ್ಟಿಗೆ ಎರಡೂ ಕಡೆಯ ಪೆಟ್ಟು.

ಇದು ಕಾಗದದ ಮೇಲಿನ ಭಯವಲ್ಲ ಎಂಬುದಕ್ಕೆ ದೂರದ ಒಂದು ಉದಾಹರಣೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಓಕ್ಲೆಂಡ್ ನಡುವಿನ ಹೊಸ ಸೇತುವೆಯಲ್ಲಿ 2013ರ ಮಾರ್ಚಿನಲ್ಲಿ, ಮೂರು ಇಂಚು ದಪ್ಪದ, ಸತು ಲೇಪಿಸಿದ, ಅಧಿಕ ಬಲದ ಉಕ್ಕಿನ 96 ಸರಳುಗಳನ್ನು ಬಿಗಿದರು. ದಿನಗಳೊಳಗೆ ಅವುಗಳಲ್ಲಿ 32 ಮುರಿದವು. ಅಲ್ಲಿ ಆಮ್ಲದ ಬಕೆಟ್ ಇರಲಿಲ್ಲ. ಸರಳುಗಳಿದ್ದ ಕುಳಿಗಳಲ್ಲಿ ವರ್ಷಗಟ್ಟಲೆ ನೀರು ನಿಂತಿತ್ತು. ತನಿಖೆ ಹೈಡ್ರೋಜನ್ ಪೆಡಸುತನವನ್ನೇ ಕಾರಣವಾಗಿ ಗುರುತಿಸಿತು. ಗಟ್ಟಿ ಉಕ್ಕು, ಎಳೆತ, ಹೈಡ್ರೋಜನ್: ಮೂರೂ ಕೂಡಿದರೆ ಮಾತ್ರ ಮುರಿತ. ಮೂರರಲ್ಲಿ ಒಂದಿಲ್ಲದಿದ್ದರೆ ಇಲ್ಲ.

ಬೋಲ್ಟಿನ ತಲೆಯ ಮೇಲಿನ ಅಂಕಿ

ಹಾಗಾದರೆ ಆಸಿಡ್ಡಿನಲ್ಲಿ ಅದ್ದಿದ ಎಲ್ಲವೂ ಮುರಿಯಬೇಕಲ್ಲ? ಇಲ್ಲ. ಇಲ್ಲಿ ಶಿಕ್ಷಕರು ಅತಿಯಾಗಿ ಹೆದರಿಸಬಾರದು. ಬಕೆಟ್ಟಿನ ತಗಡು, ಬೇಲಿಯ ತಂತಿ, ಮೊಳೆ, ಸಾಧಾರಣ ಬೋಲ್ಟು ಇವೆಲ್ಲ ಮೆದು ಉಕ್ಕು. ಹೈಡ್ರೋಜನ್ ಒಳಗೆ ಹೊಕ್ಕರೂ ಅವು ತಾಳಿಕೊಳ್ಳುತ್ತವೆ. ಅಪಾಯವಿರುವುದು ಕಾಯಿಸಿ ತಣಿಸಿ ಗಟ್ಟಿಮಾಡಿದ ಉಕ್ಕಿಗೆ: ಅಧಿಕ ಬಲದ ಬೋಲ್ಟು, ಸ್ಪ್ರಿಂಗು, ಸ್ಪ್ರಿಂಗ್ ವಾಷರು, ಗಟ್ಟಿಮಾಡಿದ ಪಿನ್ನು.

ಬೋಲ್ಟು ಯಾವ ಜಾತಿಯದು ಎಂಬುದನ್ನು ಅದರ ತಲೆಯೇ ಹೇಳುತ್ತದೆ. ಭಾರತೀಯ ಮಾನಕ ಐಎಸ್ 1367ರ ಪ್ರಕಾರ ಅಲ್ಲಿ 8.8, 10.9, 12.9 ಎಂಬಂಥ ಗುರುತು ಇರುತ್ತದೆ. ಮೊದಲ ಅಂಕಿಯನ್ನು 100ರಿಂದ ಗುಣಿಸಿದರೆ ಎಳೆತ ಬಲ ಮೆಗಾಪಾಸ್ಕಲ್‌ನಲ್ಲಿ ಸಿಗುತ್ತದೆ, ಎರಡನೆಯದು ಅದರ ಎಷ್ಟು ಹತ್ತನೇ ಭಾಗದಷ್ಟು ಎಳೆತಕ್ಕೆ ಬೋಲ್ಟು ಶಾಶ್ವತವಾಗಿ ಹಿಗ್ಗುತ್ತದೆ ಎಂಬುದನ್ನು ಹೇಳುತ್ತದೆ. 10.9 ಎಂದರೆ 1000 ಮೆಗಾಪಾಸ್ಕಲ್, ಅದರ ಹತ್ತರಲ್ಲಿ ಒಂಬತ್ತು 900. ಒಂದು ಮೆಗಾಪಾಸ್ಕಲ್ ಎಂದರೆ ಚದರ ಮಿಲಿಮೀಟರಿಗೆ ಒಂದು ನ್ಯೂಟನ್. ಲೆಕ್ಕ ಹಾಕಿಸಿ: 10.9 ಬೋಲ್ಟಿನ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 100 ಕಿಲೋ ತೂಕ ನೇತುಹಾಕಿದಂತೆ, 25 ಕಿಲೋದ ನಾಲ್ಕು ಅಕ್ಕಿ ಚೀಲ. ಈ ಒಂದು ಲೆಕ್ಕಕ್ಕೆ ಮಕ್ಕಳ ಮುಖ ನೋಡಬೇಕು.

ಹಿಂದಿನ ದಿನ ‘ಮನೆಯಲ್ಲೋ ಗ್ಯಾರೇಜಿನಲ್ಲೋ ಬಿದ್ದಿರುವ ಹಳೆಯ ಬೋಲ್ಟು ಒಂದೊಂದು ತನ್ನಿ’ ಎಂದು ಹೇಳಿದರೆ ಬಳ್ಳಾರಿ ನಗರದ ತರಗತಿಯಲ್ಲಿ ಲಾರಿಯ ಬೋಲ್ಟು ಬರುತ್ತದೆ, ಸಿರುಗುಪ್ಪ, ಕುರುಗೋಡಿನಲ್ಲಿ ಟ್ರ್ಯಾಕ್ಟರಿನದು, ಕಟಾವು ಯಂತ್ರದ್ದು. ತಲೆಯ ಅಂಕಿ ನೋಡಿ ಮೂರು ಗುಂಪು ಮಾಡಿಸಿ. 8.8 ಮತ್ತು ಅದಕ್ಕಿಂತ ಕೆಳಗಿನವು ಸಾಮಾನ್ಯವಾಗಿ ಭಯವಿಲ್ಲದವು, 10.9ಕ್ಕೆ ಎಚ್ಚರಿಕೆ ಬೇಕು, 12.9 ಅತಿ ಸೂಕ್ಷ್ಮ. ಗುರುತೇ ಇಲ್ಲದ್ದು ಬಂದರೆ ಏನು ಮಾಡುವುದು ಎಂದು ಮಕ್ಕಳನ್ನೇ ಕೇಳಿ. ‘ಗೊತ್ತಿಲ್ಲದ್ದನ್ನು ಗಟ್ಟಿ ಅಂತಲೇ ಇಟ್ಕೋಬೇಕು’ ಎಂಬ ಉತ್ತರ ಬರುವವರೆಗೆ ಕಾಯುವುದು ಒಳ್ಳೆಯದು.

ತೆಗೆಯಲೇಬೇಕಾದರೆ ಹೇಗೆ

ಲೇಪನ ತೆಗೆಯುವ ವಿಧಾನಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವುದಕ್ಕಿಂತ, ಮಕ್ಕಳಿಗೆ ಗೊತ್ತಿರುವ ಸಂಗತಿಗಳಿಂದಲೇ ಊಹಿಸಲು ಬಿಡಿ. ಹೈಡ್ರೋಜನ್ ಉಕ್ಕಿನ ಮೇಲೆ ಹುಟ್ಟಬಾರದು, ಸತು ಮಾತ್ರ ಹೋಗಬೇಕು. ದಾರಿ ಯಾವುದು?

‘ಉಜ್ಜಿ ತೆಗೆಯೋಣ’ ಎಂಬುದು ಮೊದಲ ಉತ್ತರ, ಒಳ್ಳೆಯ ಉತ್ತರವೂ ಹೌದು. ತಂತಿಯ ಬ್ರಶ್, ಮರಳು ಕಾಗದ, ಕಾರ್ಖಾನೆಯಲ್ಲಾದರೆ ಒಣ ಕಣಗಳನ್ನು ರಭಸವಾಗಿ ಎರಚುವ ಯಂತ್ರ. ಇಲ್ಲೆಲ್ಲೂ ಹೈಡ್ರೋಜನ್ನಿನ ಪ್ರಶ್ನೆಯಿಲ್ಲ. ಮರೆಗಳ ಸಂದಿಯಲ್ಲಿ ಮಾತ್ರ ಕಷ್ಟ.

‘ಸುಡೋಣ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್ಸಿಗೆ ಕರಗಿ 907 ಡಿಗ್ರಿಗೆ ಕುದಿಯುತ್ತದೆ. ಅದರ ಬಿಳಿ ಹೊಗೆ ಉಸಿರಾಡಿದ ವೆಲ್ಡಿಂಗ್ ಕೆಲಸದವರಿಗೆ ಸಂಜೆ ಚಳಿಜ್ವರ ಬರುತ್ತದೆ, ಅವರಲ್ಲಿ ಇದು ತಿಳಿಯದವರಿಲ್ಲ. ಅದಕ್ಕಿಂತ ಮುಖ್ಯವಾಗಿ, ಅಷ್ಟು ಕಾಯಿಸಿದರೆ ಬೋಲ್ಟಿಗೆ ಕೊಟ್ಟ ಹದವೇ ಹೋಗಿಬಿಡುತ್ತದೆ. 10.9 ಎಂದು ತಲೆಯ ಮೇಲೆ ಇರುತ್ತದೆ, ಒಳಗೆ ಇರುವುದಿಲ್ಲ. ಪೆಡಸುತನ ತಪ್ಪಿಸಲು ಹೋಗಿ ಬಲವನ್ನೇ ಕಳೆದಂತೆ.

ಮೂರನೆಯ ದಾರಿ ಪಠ್ಯದಲ್ಲೇ ಇದೆ, ನಾವು ಗಮನಿಸುವುದಿಲ್ಲ ಅಷ್ಟೆ. ಸತು ಆಮ್ಲದಲ್ಲಿ ಕರಗುತ್ತದೆ, ಪ್ರತ್ಯಾಮ್ಲದಲ್ಲೂ ಕರಗುತ್ತದೆ. ಕಬ್ಬಿಣ ಆಮ್ಲದಲ್ಲಿ ಮಾತ್ರ. ಸತು ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಸೋಡಿಯಂ ಜಿಂಕೇಟ್ ಆಗಿ ಹೋಗುತ್ತದೆ, ಹೈಡ್ರೋಜನ್ ಬರುತ್ತದೆ. ಸತು ಮುಗಿದ ಕೂಡಲೇ ಗುಳ್ಳೆ ತಾನಾಗಿ ನಿಲ್ಲುತ್ತದೆ. ‘ಸಾರ್, ಗುಳ್ಳೆ ನಿಂತೋತು’ ಎಂದು ಮಕ್ಕಳು ಕೂಗುವುದೇ ತೆಗೆಯುವ ಸೂಚನೆ. ಆಮ್ಲದಲ್ಲಿ ಹಾಗೆ ಸ್ಪಷ್ಟವಾದ ಕೊನೆ ಇಲ್ಲ, ಗುಳ್ಳೆ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಎರಡು ಲೋಟ ಅಕ್ಕಪಕ್ಕ ಇಟ್ಟು ಈ ವ್ಯತ್ಯಾಸ ನೋಡಿಸಿದರೆ ಸತುವಿನ ಉಭಯಧರ್ಮ ಎಂಬ ಒಣ ಮಾತಿಗೆ ಜೀವ ಬರುತ್ತದೆ. ಪ್ರತ್ಯಾಮ್ಲದಲ್ಲಿಯೂ ಸತು ಕರಗುವಷ್ಟು ಹೊತ್ತು ಸ್ವಲ್ಪ ಹೈಡ್ರೋಜನ್ ಉಕ್ಕಿನ ಮೇಲೆ ಹುಟ್ಟುತ್ತದೆ, ಆದ್ದರಿಂದ ಇದು ಅಪಾಯ ಕಡಿಮೆ ಮಾಡುವ ದಾರಿಯೇ ಹೊರತು ಪೂರ್ತಿ ತಪ್ಪಿಸುವ ದಾರಿಯಲ್ಲ ಎಂಬುದನ್ನೂ ಹೇಳಬೇಕು.

ಹೈಡ್ರೋಜನ್ ಉಕ್ಕಿನ ಮೇಲೆ ಹುಟ್ಟದಂತೆಯೇ ಮಾಡಬಹುದೇ? ನೀರಿನ ವಿದ್ಯುದ್ವಿಭಜನೆಯ ಚಟುವಟಿಕೆ ನೆನಪಿಸಿ. ಹೈಡ್ರೋಜನ್ ಯಾವ ಧ್ರುವದಲ್ಲಿ ಬರುತ್ತದೆ? ಋಣಧ್ರುವದಲ್ಲಿ. ಹಾಗಿದ್ದರೆ ನಮ್ಮ ಬೋಲ್ಟನ್ನು ಬ್ಯಾಟರಿಯ ಯಾವ ತುದಿಗೆ ಜೋಡಿಸಬೇಕು? ಇಲ್ಲಿ ಶಿಕ್ಷಕರು ಬಾಯಿ ಮುಚ್ಚಿಕೊಂಡಿರಬೇಕು. ಉತ್ತರ ಮಕ್ಕಳಿಂದಲೇ ಬರುತ್ತದೆ: ಧನ ತುದಿಗೆ. ಕಾರ್ಖಾನೆಗಳಲ್ಲಿ ಗಟ್ಟಿ ಉಕ್ಕಿನ ಲೇಪನ ತೆಗೆಯಲು ಬಳಸುವ ಒಂದು ಒಳ್ಳೆಯ ಕ್ರಮವೇ ಇದು. ಪ್ರತ್ಯಾಮ್ಲದ ದ್ರಾವಣದಲ್ಲಿ ಬಿಡಿಭಾಗವನ್ನು ಧನಧ್ರುವವಾಗಿ, ಒಂದು ಕಬ್ಬಿಣದ ತಗಡನ್ನು ಋಣಧ್ರುವವಾಗಿ ಇಡುತ್ತಾರೆ. ಹೈಡ್ರೋಜನ್ ತಗಡಿನ ಕಡೆ ಏಳುತ್ತದೆ, ಬಿಡಿಭಾಗದ ಮೇಲೆ ಸತು ಕರಗಿ, ಮುಗಿದ ಮೇಲೆ ಆಮ್ಲಜನಕ ಬರುತ್ತದೆ. ತಂತಿ ಅದಲುಬದಲಾದರೆ ಬೋಲ್ಟಿಗೆ ಹೈಡ್ರೋಜನ್ನನ್ನು ನಾವೇ ತುರುಕಿದಂತೆ. ಈ ಒಂದು ವಾಕ್ಯಕ್ಕಾಗಿಯಾದರೂ ಧ್ರುವಗಳ ಹೆಸರನ್ನು ಮಕ್ಕಳು ಮರೆಯುವುದಿಲ್ಲ.

ಕೊನೆಗೆ ಬೇಯಿಸುವುದು. ಜಾನ್ಸನ್ ಕಂಡಂತೆ ಬಿಸಿ ಮಾಡಿದರೆ ಹೈಡ್ರೋಜನ್ ಹೊರಬರುತ್ತದೆ. ಮಾನಕಗಳಲ್ಲಿ ಗಟ್ಟಿ ಉಕ್ಕಿಗೆ ಲೇಪನದ ನಂತರ 4 ಗಂಟೆಯೊಳಗೆ ಒಲೆಗೆ ಹಾಕಿ, ಸುಮಾರು 190ರಿಂದ 220 ಡಿಗ್ರಿಯಲ್ಲಿ, ಬಲಕ್ಕೆ ತಕ್ಕಂತೆ 8 ಗಂಟೆಯಿಂದ ಇಡೀ ದಿನದವರೆಗೆ ಇಡುವ ಕ್ರಮವಿದೆ. ಸತುವಿನ ಪದರ ಹೈಡ್ರೋಜನ್ ಹೊರಹೋಗುವುದನ್ನು ತಡೆಯುತ್ತದೆ. ಆದ್ದರಿಂದ ಲೇಪನ ತೆಗೆದ ಭಾಗಕ್ಕೆ ಮತ್ತೆ ಲೇಪಿಸುವುದಿದ್ದರೆ ಬರಿಮೈಯಲ್ಲಿರುವಾಗಲೇ ಒಮ್ಮೆ ಬೇಯಿಸುವುದು ಜಾಣತನ. ಬಿರುಕು ಮೂಡಿದ ಮೇಲೆ ಬೇಯಿಸಿ ಪ್ರಯೋಜನವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಗ್ಯಾರೇಜಿನ ಮಟ್ಟಕ್ಕೆ ನನ್ನ ಅಭಿಪ್ರಾಯ ಸರಳ: 10.9, 12.9 ಬೋಲ್ಟಿನ ಲೇಪನ ತೆಗೆಯುವ ಗೊಡವೆಯೇ ಬೇಡ, ಹೊಸದು ಹಾಕಿ. ಒಂದು ಬೋಲ್ಟಿನ ಬೆಲೆ ಒಂದು ದಿನದ ಒಲೆಯ ಖರ್ಚಿಗಿಂತ ಎಷ್ಟೋ ಕಡಿಮೆ. ವಿಧಾನಗಳನ್ನು ತಿಳಿಯಬೇಕಾದದ್ದು ಏಕೆಂದರೆ ಬಿಸಾಡಲಾಗದ ದುಬಾರಿ ಭಾಗಗಳೂ ಇರುತ್ತವೆ, ಮತ್ತು ನಮ್ಮ ಮಕ್ಕಳಲ್ಲಿ ಹಲವರು ನಾಳೆ ಐಟಿಐ, ಡಿಪ್ಲೊಮಾ ಮುಗಿಸಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ಕುಡತಿನಿಯ ವಿದ್ಯುತ್ ಸ್ಥಾವರದಲ್ಲೋ ಅಂಥವನ್ನೇ ಕೈಯಲ್ಲಿ ಹಿಡಿಯುವವರು.

ವಾಷರಿನ ಪ್ರಾತ್ಯಕ್ಷಿಕೆ

ಪೆಡಸುತನವನ್ನು ತರಗತಿಯಲ್ಲಿ ಕಣ್ಣಾರೆ ತೋರಿಸಲು ಅಗ್ಗದ ವಸ್ತು ಸ್ಪ್ರಿಂಗ್ ವಾಷರು. ಸತು ಲೇಪಿಸಿದವು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ. ಹಳದಿ ಮಿಂಚಿನವನ್ನು ತರಬೇಡಿ, ಆ ಬಣ್ಣದಲ್ಲಿ ವಿಷಕಾರಿ ಕ್ರೋಮಿಯಂ ಸಂಯುಕ್ತವಿರಬಹುದು. ಬಿಳಿಯ ಹೊಳಪಿನವು ಸಾಕು. ಹತ್ತತ್ತರ ಮೂರು ಗುಂಪು ಮಾಡಿ. ಒಂದನ್ನು ಹಾಗೇ ಇಡಿ. ಒಂದನ್ನು ಪ್ರಯೋಗಾಲಯದ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅರ್ಧ ಗಂಟೆ, ಮೂರನೆಯದನ್ನು ಉಗುರುಬೆಚ್ಚಗಿನ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಗುಳ್ಳೆ ನಿಲ್ಲುವವರೆಗೆ ಇಡಿ. ಪ್ರತ್ಯಾಮ್ಲದ ಕೆಲಸ ನಿಧಾನ, 40 ನಿಮಿಷದ ಅವಧಿಯಲ್ಲಿ ಮುಗಿಯದಿರಬಹುದು, ಹಿಂದಿನ ದಿನವೇ ಹಾಕಿಡುವುದು ಮೇಲು. ತೊಳೆದು ಒರೆಸಿ, ತಡಮಾಡದೆ, ಪ್ರತಿ ವಾಷರನ್ನು ನಟ್ಟು ಬೋಲ್ಟಿನ ನಡುವೆ ಪೂರ್ತಿ ಚಪ್ಪಟೆಯಾಗುವಂತೆ ಬಿಗಿದು, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಎರಡು ದಿನ ಬಿಡಿ. ಮುರಿದ ಚೂರು ಸಿಡಿಯುತ್ತದೆ, ಡಬ್ಬಿ ತೆರೆಯುವಾಗ ಕನ್ನಡಕ ಬೇಕು. ಆಮ್ಲಕ್ಕಿಂತ ಪ್ರತ್ಯಾಮ್ಲ ಕಣ್ಣಿಗೆ ಹೆಚ್ಚು ಅಪಾಯ ಎಂಬುದನ್ನು ಪ್ರಶಿಕ್ಷಣಾರ್ಥಿಗಳು ಮರೆಯುವುದುಂಟು. ದ್ರಾವಣ ಮುಟ್ಟುವ ಕೆಲಸವೆಲ್ಲ ಶಿಕ್ಷಕರದು, ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ.

ಫಲಿತಾಂಶ ಪ್ರತಿ ಸಲ ಒಂದೇ ತೆರನಾಗಿ ಬರುವುದಿಲ್ಲ. ಆಮ್ಲದ ಗುಂಪಿನಲ್ಲಿ ಒಂದೂ ಮುರಿಯದಿರಬಹುದು. ಹಾಗೇ ಇಟ್ಟ ಗುಂಪಿನಲ್ಲೇ ಒಂದು ಮುರಿಯಲೂಬಹುದು, ಯಾಕೆಂದರೆ ಲೇಪಿಸುವ ಮೊದಲು ಕಾರ್ಖಾನೆಯಲ್ಲೇ ಅದನ್ನು ಆಮ್ಲದಲ್ಲಿ ಅದ್ದಿರುತ್ತಾರೆ. ಬಂದದ್ದನ್ನು ಬಂದಂತೆ ಕಪ್ಪುಹಲಗೆಯ ಮೇಲೆ ಬರೆಸಿ. ವೀಕ್ಷಕರು ಬಂದಿದ್ದಾರೆಂದು ‘ಬರಬೇಕಾದ’ ಉತ್ತರ ಬರೆಸುವ ಚಾಳಿ ಬೋಧನಾಭ್ಯಾಸದಲ್ಲಿ ಇದೆ. ನನ್ನ ಮಟ್ಟಿಗೆ, ‘ಹತ್ತರಲ್ಲಿ ಸೊನ್ನೆ’ ಎಂದು ಬರೆಸಿ ಕಾರಣ ಚರ್ಚಿಸಿದ ಪಾಠಕ್ಕೆ ಹೆಚ್ಚು ಅಂಕ.

ಸಿರುಗುಪ್ಪ, ಕುರುಗೋಡಿನಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಡ್ಯಾಮಿನ ಚೈನೂ ಹಿಂಗೇ ಮುರೀತಾ ಸಾರ್?’ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನಿನ ಕೊಂಡಿ ಮುರಿದು ಗೇಟು ಕೊಚ್ಚಿಹೋದದ್ದು, ಭತ್ತಕ್ಕೆ ನೀರು ಸಿಗುತ್ತದೋ ಇಲ್ಲವೋ ಎಂದು ಮನೆಗಳಲ್ಲಿ ನಿದ್ದೆಗೆಟ್ಟದ್ದು ಈ ಮಕ್ಕಳಿಗೆ ಚೆನ್ನಾಗಿ ನೆನಪಿದೆ. ‘ಹೌದು’ ಎನ್ನುವ ಆಸೆ ಶಿಕ್ಷಕರಿಗೆ ಬರುತ್ತದೆ, ಪಾಠ ಅಷ್ಟು ಚೆನ್ನಾಗಿ ಹೊಂದುತ್ತದೆ. ಹೇಳಬಾರದು. ದಶಕಗಳ ಕಾಲ ನೀರು ಗಾಳಿಯಲ್ಲಿದ್ದ ಚೈನಿಗೆ ಸವೆತ, ತುಕ್ಕು, ದಣಿವು ಎಂಬ ಬೇರೆ ಕಾರಣಗಳು ಇರುತ್ತವೆ. ಹೈಡ್ರೋಜನ್ನಿನಿಂದಲೇ ಮುರಿಯಿತು ಎನ್ನಲು ಮುರಿದ ಮುಖವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ‘ಮುರಿದದ್ದೆಲ್ಲ ಹೈಡ್ರೋಜನ್ನಿನಿಂದ ಅಲ್ಲ, ಯಾವ ಸಾಕ್ಷಿ ಇದ್ದರೆ ನೀವು ಒಪ್ಪುತ್ತೀರಿ?’ ಎಂದು ಪ್ರಶ್ನೆಯನ್ನು ತಿರುಗಿಸಿ ಕೊಡಿ.

ಇನ್ನೊಂದು ಪ್ರಶ್ನೆಯೂ ಗದ್ದೆಯಿಂದಲೇ ಬರುತ್ತದೆ. ಭತ್ತಕ್ಕೆ ಸತುವಿನ ಸಲ್ಫೇಟ್ ಹಾಕುವುದನ್ನು ನೋಡಿದ ಮಕ್ಕಳು ‘ಈ ನೀರು ಗದ್ದೆಗೆ ಬಿಟ್ರೆ ಒಳ್ಳೇದಲ್ವಾ?’ ಎನ್ನುತ್ತಾರೆ. ಅಳೆದು ಹಾಕುವ ಗೊಬ್ಬರ ಬೇರೆ, ಆಮ್ಲವೂ ಬೇರೆ ಲೋಹಗಳೂ ಬೆರೆತ ಬಕೆಟ್ಟಿನ ನೀರು ಬೇರೆ. ಕಾಲುವೆಗೂ ಗದ್ದೆಗೂ ಬಿಡಬಾರದು. ಉಳಿದ ಆಮ್ಲಕ್ಕೆ ಸ್ವಲ್ಪ ಸ್ವಲ್ಪವೇ ಸುಣ್ಣ ಸೇರಿಸಿ, ಲಿಟ್ಮಸ್ ಬಣ್ಣ ಬದಲಾಗುವವರೆಗೆ ತಟಸ್ಥಗೊಳಿಸುವುದನ್ನೇ ಮುಂದಿನ ತರಗತಿಯ ಚಟುವಟಿಕೆಯಾಗಿ ಮಾಡಿಸಬಹುದು. ತಳದಲ್ಲಿ ನಿಂತ ಕೆಸರನ್ನು ಬೇರೆ ತೆಗೆದಿಡಿ.

ಮೌಲ್ಯಮಾಪನಕ್ಕೆ ನಾನು ಪ್ರಶಿಕ್ಷಣಾರ್ಥಿಗಳಿಗೆ ಸೂಚಿಸುವ ಪ್ರಶ್ನೆ ಒಂದೇ. ಮೇಜಿನ ಮೇಲೆ ನಾಲ್ಕು ವಸ್ತು ಇಡಿ: ಜಿಐ ತಂತಿಯ ತುಂಡು, 4.6 ಎಂದು ಬರೆದ ಬೋಲ್ಟು, 12.9 ಬೋಲ್ಟು, ಗುರುತಿಲ್ಲದ ಬೋಲ್ಟು. ಪ್ರತಿಯೊಂದರ ಸತುಲೇಪನ ಹೇಗೆ ತೆಗೆಯುತ್ತೀರಿ, ಅಥವಾ ತೆಗೆಯುವುದಿಲ್ಲ, ಏಕೆ? ಉತ್ತರದಲ್ಲಿ ‘ಆಸಿಡ್’ ಎಂಬ ಪದಕ್ಕಿಂತ ಮೊದಲು ‘ಇದು ಎಷ್ಟು ಗಟ್ಟಿ?’ ಎಂಬ ಪ್ರಶ್ನೆ ಬಂದಿದೆಯೇ ಎಂದು ನೋಡಿ ಅಂಕ ಕೊಡಿ.

ತರಗತಿ ಮುಗಿದ ಮೇಲೆ ಅದ್ದಿದ ವಾಷರು, ಬೋಲ್ಟುಗಳನ್ನು ಎಣಿಸಿ ವಾಪಸು ತೆಗೆದುಕೊಳ್ಳಿ. ಹೊಳೆಯುವ ವಾಷರು ಹುಡುಗರ ಜೇಬಿಗೆ ಹೋಗಿ, ಅಲ್ಲಿಂದ ಅಣ್ಣನ ಬೈಕಿಗೆ ಹೋಗುವುದು ಕಷ್ಟವೇನಲ್ಲ. ಬೋಲ್ಟಿನ ಮರೆಯನ್ನು ಅರದಿಂದ ಉಜ್ಜಿ ಕೆಡಿಸಿ, ವಾಷರುಗಳನ್ನು ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಜಜ್ಜಿ, ಗುಜರಿಗೆ ಹಾಕಿ.